ಮೂರು ಕೃಷಿ ಕಾಯ್ದೆಗಳು: ಪಂಜಾಬಿನ ಉತ್ತರ ಬ್ಯಾಡಗಿಗೆ ಸರಿಹೋಗುತ್ತಾ?

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ನಡುವೆ ಕೈಯಿಂದ ಕೈಗೆ ಓಡಾಡುವ ಝೆರಾಕ್ಸ್ ನೋಟ್ಸ್ ತೆಗೆದು ನೋಡಿ. 2020ರ ಕೃಷಿ ಕಾಯ್ದೆಗಳಿಗೆ ಅಲ್ಲಿ ಎರಡೇ ಬಗೆಯ ಉತ್ತರ ಸಿಗುತ್ತದೆ. ರೈತನಿಗೆ ಸ್ವಾತಂತ್ರ್ಯ ಸಿಗ್ತಿತ್ತು, ದಲಾಲರು ತಪ್ಪಿಸಿದರು ಅನ್ನೋದು ಒಂದು. ಕಂಪನಿಗಳಿಗೆ ಹೊಲ ಬರೆದುಕೊಡ್ತಿದ್ದರು, ರೈತರು ತಡೆದರು ಅನ್ನೋದು ಇನ್ನೊಂದು. ಎರಡರಲ್ಲೂ ಕಾಯ್ದೆಯ ಒಂದೇ ಒಂದು ಕಲಂ ಇರೋದಿಲ್ಲ. ಮುಖ್ಯ ಪರೀಕ್ಷೆಯಲ್ಲಿ ಇದಕ್ಕೆ ಮಾರ್ಕ್ಸ್ ಬೀಳೋದು ಕಷ್ಟ.

ಹಾಗಾಗಿ ಈ ಟಿಪ್ಪಣಿಯಲ್ಲಿ ಯಾವ ಕಲಮಿಗೆ ಯಾರು, ಯಾಕೆ ಸಿಟ್ಟಾದರು ಅಂತ ನೋಡೋಣ. ಆ ಸಿಟ್ಟು ಎಲ್ಲ ಕಡೆ ಒಂದೇ ತರ ಇರಲಿಲ್ಲ. ನಮ್ಮ ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಅದರ ಬಣ್ಣವೇ ಬೇರೆ.

ಕಾಯ್ದೆಯಲ್ಲಿ ಇದ್ದದ್ದು ಏನು

2020ರ ಜೂನ್ 5ರಂದು, ಕೊರೊನಾ ಕಾಲದಲ್ಲಿ, ಕೇಂದ್ರ ಸರ್ಕಾರ ಮೂರು ಸುಗ್ರೀವಾಜ್ಞೆ ಹೊರಡಿಸಿತು. ಸೆಪ್ಟೆಂಬರ್‌ನಲ್ಲಿ ಅವು ಕಾಯ್ದೆಗಳಾದವು.

ಮೊದಲನೆಯದು ವ್ಯಾಪಾರದ ಕಾಯ್ದೆ. ಎಪಿಎಂಸಿ, ಅಂದರೆ ಸರ್ಕಾರದ ನಿಯಂತ್ರಣದ ಕೃಷಿ ಮಾರುಕಟ್ಟೆ, ಅದರ ಪ್ರಾಂಗಣದ ಆಚೆಗಿನ ಜಾಗವನ್ನೆಲ್ಲ ಇದು 'ವ್ಯಾಪಾರ ಪ್ರದೇಶ' ಎಂದು ಕರೆಯಿತು. ಹೊಲ, ಗೋದಾಮು, ಕಾರ್ಖಾನೆಯ ಬಾಗಿಲು ಎಲ್ಲವೂ ಅದರೊಳಗೆ. ಪ್ಯಾನ್ ಕಾರ್ಡ್ ಇದ್ದವರು ಅಲ್ಲಿ ರೈತನ ಮಾಲು ಕೊಳ್ಳಬಹುದು. ದುಡ್ಡು ಅವತ್ತೇ ಕೊಡಬೇಕು, ಇಲ್ಲವೇ ಮೂರು ಕೆಲಸದ ದಿನಗಳೊಳಗೆ. ರಾಜ್ಯ ಸರ್ಕಾರ ಆ ವ್ಯಾಪಾರದ ಮೇಲೆ ಸೆಸ್ (ಮಾರುಕಟ್ಟೆ ಶುಲ್ಕ) ಹಾಕುವಂತಿಲ್ಲ. ಈ ಕೊನೆಯ ಮಾತು 6ನೇ ಕಲಮಿನಲ್ಲಿದೆ. ಗುರುತು ಹಾಕಿಕೊಳ್ಳಿ, ಜಗಳದ ಬೇರು ಇಲ್ಲೇ ಇದೆ.

ಎರಡನೆಯದು ಒಪ್ಪಂದ ಕೃಷಿಯ ಕಾಯ್ದೆ. ಬಿತ್ತುವ ಮೊದಲೇ ಖರೀದಿದಾರನ ಜೊತೆ ಬೆಲೆ ಮಾತಾಡಿ ಬರೆದುಕೊಳ್ಳಬಹುದು. ಆದರೆ ಜಮೀನಿನ ಮಾರಾಟ, ಗುತ್ತಿಗೆ, ಅಡಮಾನಕ್ಕೆ ಈ ಒಪ್ಪಂದವನ್ನು ಬಳಸುವಂತಿಲ್ಲ ಎಂದು ಕಾಯ್ದೆಯಲ್ಲೇ ಇತ್ತು. ಆದ್ದರಿಂದ 'ಸಹಿ ಹಾಕಿದರೆ ಹೊಲ ಹೋಗುತ್ತೆ' ಅನ್ನೋ ಘೋಷಣೆಯನ್ನು ಉತ್ತರದಲ್ಲಿ ಹಾಗೇ ಇಳಿಸಬೇಡಿ. ಚಳವಳಿಗೆ ಬಲವಾದ ವಾದಗಳು ಬೇರೆ ಇದ್ದವು.

ಮೂರನೆಯದು 1955ರ ಅಗತ್ಯ ವಸ್ತುಗಳ ಕಾಯ್ದೆಯ ತಿದ್ದುಪಡಿ. ಧಾನ್ಯ, ಕಾಳು, ಎಣ್ಣೆಕಾಳು, ಉಳ್ಳಾಗಡ್ಡಿ, ಆಲೂಗಡ್ಡೆಯ ದಾಸ್ತಾನಿಗೆ ಸರ್ಕಾರ ಸುಮ್ಮನೆ ಮಿತಿ ಹಾಕುವಂತಿಲ್ಲ. ಮಿತಿ ಹಾಕಬೇಕಾದರೆ ತೋಟಗಾರಿಕೆ ಬೆಳೆಯ ಬೆಲೆ ಶೇ. 100ರಷ್ಟು ಏರಿರಬೇಕು. ಕೆಡದೆ ಉಳಿಯುವ ಆಹಾರ ಪದಾರ್ಥವಾದರೆ ಶೇ. 50.

ಇಲ್ಲೊಂದು ತಮಾಷೆ ಇದೆ. 'ರೈತ ಎಲ್ಲಿ ಬೇಕಾದರೂ ಮಾರಲಿ' ಎಂಬ ಮಸೂದೆಗಳು ಸಂಸತ್ತಿಗೆ ಬಂದ ವಾರವೇ, ಅಂದರೆ ಸೆಪ್ಟೆಂಬರ್ 14ರಂದು, ಉಳ್ಳಾಗಡ್ಡಿ ರಫ್ತು ನಿಷೇಧವಾಯಿತು. ಅಕ್ಟೋಬರ್ 23ರಂದು ಉಳ್ಳಾಗಡ್ಡಿ ದಾಸ್ತಾನಿಗೂ ಕೇಂದ್ರವೇ ಮಿತಿ ಹಾಕಿತು. ಬೆಲೆ ಜಿಗಿದಿತ್ತು ನಿಜ, ಹೊಸ ಕಾಯ್ದೆಯಲ್ಲೇ ಅದಕ್ಕೆ ಅವಕಾಶವೂ ಇತ್ತು. ಆದರೆ ಉಳ್ಳಾಗಡ್ಡಿ ಬೆಳೆಯುವ ಗದಗಿನ ರೈತನ ಜಾಗದಲ್ಲಿ ನಿಂತು ನೋಡಿ. ಬೆಲೆ ಬಿದ್ದಾಗ ಮಾರುಕಟ್ಟೆ ಮುಕ್ತ, ಎದ್ದಾಗ ಬಾಗಿಲು ಬಂದ್. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗೋದು ಕಷ್ಟ.

ಪಂಜಾಬ್ ಯಾಕೆ ಮೊದಲು ಎದ್ದಿತು

ಆಗ ಪಂಜಾಬಿನ ಮಂಡಿಗಳಲ್ಲಿ (ಅಲ್ಲಿನ ಎಪಿಎಂಸಿಗಳಲ್ಲಿ) ಗೋಧಿ ಮತ್ತು ಭತ್ತದ ಮೇಲೆ ಶೇ. 3 ಮಾರುಕಟ್ಟೆ ಶುಲ್ಕ, ಶೇ. 3 ಗ್ರಾಮೀಣ ಅಭಿವೃದ್ಧಿ ಶುಲ್ಕ, ಶೇ. 2.5 ಅಡತಿ (ದಲಾಲಿ) ಕಮಿಷನ್ ಇತ್ತು. ಕೂಡಿಸಿದರೆ ಶೇ. 8.5. ಮಂಡಿಯ ಹೊರಗೆ ಇದ್ಯಾವುದೂ ಇಲ್ಲ ಅಂದ ಮೇಲೆ ಖಾಸಗಿ ವ್ಯಾಪಾರಿ ಒಳಗೆ ಯಾಕೆ ಬರ್ತಾನೆ? ಮೊದಮೊದಲು ಹೊರಗೆ ಒಂದಿಷ್ಟು ಜಾಸ್ತಿ ಬೆಲೆ ಕೊಡಬಹುದು. ನಿಧಾನಕ್ಕೆ ಮಂಡಿಗೆ ಆವಕ ಕಡಿಮೆಯಾಗುತ್ತದೆ, ಶುಲ್ಕದ ಆದಾಯ ಬತ್ತುತ್ತದೆ. ಸರ್ಕಾರ ಬೆಂಬಲ ಬೆಲೆಗೆ ಗೋಧಿ, ಭತ್ತ ಕೊಳ್ಳುವುದು ಅದೇ ಮಂಡಿಗಳ ಮೂಲಕ. ಮಂಡಿ ಸೊರಗಿದರೆ ಆ ಖರೀದಿಯ ಗತಿ ಏನು ಅನ್ನೋದು ಅವರ ಭಯ. ಕಾಯ್ದೆಯಲ್ಲಿ 'ಬೆಂಬಲ ಬೆಲೆ ರದ್ದು' ಎಂದು ಎಲ್ಲೂ ಇರಲಿಲ್ಲ. ಇರುತ್ತದೆ ಎಂದೂ ಇರಲಿಲ್ಲ.

ಸರ್ಕಾರದ ವಾದವನ್ನೂ ನ್ಯಾಯವಾಗಿ ಬರೆಯಬೇಕು. 2015ರ ಶಾಂತಕುಮಾರ್ ಸಮಿತಿಯ ಪ್ರಕಾರ ಬೆಂಬಲ ಬೆಲೆಗೆ ಸರ್ಕಾರಕ್ಕೆ ಮಾರುವ ರೈತರು ಶೇ. 6 ಮಾತ್ರ. ಉಳಿದವರಿಗೆ ಪೈಪೋಟಿ ಬೇಕು, ಕೊಳ್ಳುವವರು ಜಾಸ್ತಿಯಾಗಬೇಕು ಎಂದು ಸರ್ಕಾರ ಹೇಳಿತು. ಎಪಿಎಂಸಿ ಕಾಯ್ದೆ ತೆಗೆಯುತ್ತೇವೆ ಎಂದು ಕಾಂಗ್ರೆಸ್ ಕೂಡ 2019ರ ಪ್ರಣಾಳಿಕೆಯಲ್ಲಿ ಬರೆದಿತ್ತು. ಮಹಾರಾಷ್ಟ್ರದ ಶೇತ್ಕರಿ ಸಂಘಟನೆ ಈ ಕಾಯ್ದೆಗಳ ಪರ ನಿಂತಿತ್ತು. ಇನ್ನೊಂದು ಕಡೆ ಬಿಹಾರದ ಉದಾಹರಣೆ ಇದೆ. ಅಲ್ಲಿ 2006ರಲ್ಲೇ ಎಪಿಎಂಸಿ ಕಾಯ್ದೆ ರದ್ದಾಯಿತು. ಅಷ್ಟಕ್ಕೇ ಖಾಸಗಿ ಮಾರುಕಟ್ಟೆಗಳು ಬಂದು ಸಾಲುಗಟ್ಟಲಿಲ್ಲ.

ಎರಡನೇ ಸಿಟ್ಟು ನ್ಯಾಯದ್ದು. ವ್ಯಾಪಾರಿ ಮೋಸ ಮಾಡಿದರೆ ರೈತ ಸಿವಿಲ್ ಕೋರ್ಟಿಗೆ ಹೋಗುವಂತಿಲ್ಲ. ಉಪವಿಭಾಗಾಧಿಕಾರಿ ಹತ್ತಿರ ಹೋಗಬೇಕು. ನಮ್ಮ ಲೆಕ್ಕದಲ್ಲಿ ಹಾವೇರಿ ಅಥವಾ ಸವಣೂರಿನ ಎಸಿ ಕಚೇರಿ. ಜಮೀನಿನ ತಕರಾರುಗಳ ಫೈಲು ಎಸಿ ಕಚೇರಿಯಲ್ಲಿ ಎಷ್ಟು ದಿನ ಕೂರುತ್ತವೆ ಅಂತ ಊರಲ್ಲಿ ಯಾರನ್ನಾದರೂ ಕೇಳಿ. ನನ್ನ ಪ್ರಕಾರ ಮೂರು ಕಾಯ್ದೆಗಳಲ್ಲಿ ಅತಿ ದುರ್ಬಲ ಜಾಗ ಇದೇ. ವಕೀಲರ ಸಂಘಗಳೂ ಚಳವಳಿಯ ಜೊತೆ ನಿಂತದ್ದಕ್ಕೆ ಇದು ದೊಡ್ಡ ಕಾರಣ.

ಅಧಿಕಾರ ಯಾರದ್ದು

ಸಂವಿಧಾನದ ಏಳನೇ ಅನುಸೂಚಿ ತೆಗೆಯಿರಿ. ಕೃಷಿ ರಾಜ್ಯಪಟ್ಟಿಯ 14ನೇ ನಮೂದು. ಮಾರುಕಟ್ಟೆ ಮತ್ತು ಜಾತ್ರೆಗಳು 28ನೇ ನಮೂದು, ಅದೂ ರಾಜ್ಯದ್ದೇ. ಹಾಗಾದರೆ ಕೇಂದ್ರ ಯಾವ ಬಾಗಿಲಿನಿಂದ ಬಂತು? ಕೇಂದ್ರ, ರಾಜ್ಯ ಎರಡೂ ಕಾಯ್ದೆ ಮಾಡಬಹುದಾದ ಸಮವರ್ತಿ ಪಟ್ಟಿಯ 33ನೇ ನಮೂದಿನಿಂದ. ಆಹಾರ ಪದಾರ್ಥ, ಎಣ್ಣೆಕಾಳು, ದನದ ಮೇವು, ಹತ್ತಿ, ಸೆಣಬಿನ ವ್ಯಾಪಾರ ಅಲ್ಲಿದೆ. 1954ರ ಮೂರನೇ ತಿದ್ದುಪಡಿಯಿಂದ ಅದಕ್ಕೆ ಈ ರೂಪ ಬಂತು.

ರೈತ ಮಾರುವುದು ಬೆಳೆಯೋ, ಆಹಾರ ಪದಾರ್ಥವೋ? ಎರಡೂ ಹೌದು. ಅದಕ್ಕೇ ಈ ವಾದ ಮುಗಿಯುವುದಿಲ್ಲ. ಸುಪ್ರೀಂ ಕೋರ್ಟ್ 2021ರ ಜನವರಿ 12ರಂದು ಕಾಯ್ದೆಗಳ ಜಾರಿಗೆ ತಡೆ ಕೊಟ್ಟು ಸಮಿತಿ ಮಾಡಿತು. ಆದರೆ ಈ ಸಾಂವಿಧಾನಿಕ ಪ್ರಶ್ನೆಗೆ ತೀರ್ಪು ಬರುವ ಮೊದಲೇ ಕಾಯ್ದೆಗಳು ಹೋದವು.

ಹಿಂದಿನ ರೂಢಿ ಬೇರೆ ಇತ್ತು. 2003ರಲ್ಲಿ ಮಾದರಿ ಎಪಿಎಂಸಿ ಕಾಯ್ದೆ, 2017ರಲ್ಲಿ ಇನ್ನೊಂದು ಮಾದರಿ, 2018ರಲ್ಲಿ ಒಪ್ಪಂದ ಕೃಷಿಯ ಮಾದರಿ. ಕೇಂದ್ರ ಕರಡು ಕೊಡುತ್ತಿತ್ತು, ರಾಜ್ಯಗಳು ತಮಗೆ ಬೇಕಾದಷ್ಟು ಹಾಕಿಕೊಳ್ಳುತ್ತಿದ್ದವು. 2020ರಲ್ಲಿ ಕೇಂದ್ರ ನೇರವಾಗಿ ತಾನೇ ಕಾಯ್ದೆ ಮಾಡಿತು. ಒಕ್ಕೂಟ ವ್ಯವಸ್ಥೆಯ ಪ್ರಶ್ನೆ ಬಂದರೆ ಈ ಬದಲಾವಣೆಯನ್ನು ಬಿಡದೆ ಬರೆಯಿರಿ.

ಪಾಸಾದ ರೀತಿ, ಹೋದ ರೀತಿ

ಮಸೂದೆಗಳು ಯಾವ ಸಂಸದೀಯ ಸಮಿತಿಗೂ ಹೋಗಲಿಲ್ಲ. ಲೋಕಸಭೆ ಸೆಪ್ಟೆಂಬರ್ 17ರಂದು ಎರಡು ಮುಖ್ಯ ಮಸೂದೆಗಳನ್ನು ಒಪ್ಪಿತು. ಅವತ್ತೇ ಅಕಾಲಿ ದಳದ ಸಚಿವೆ ಹರ್‌ಸಿಮ್ರತ್ ಕೌರ್ ಬಾದಲ್ ರಾಜೀನಾಮೆ ಕೊಟ್ಟರು. 20ರಂದು ರಾಜ್ಯಸಭೆಯಲ್ಲಿ ವಿರೋಧ ಪಕ್ಷಗಳು ಮತಗಣನೆ ಕೇಳಿದವು. ಸಿಗಲಿಲ್ಲ. ಗದ್ದಲದ ನಡುವೆ ಧ್ವನಿಮತದಲ್ಲಿ ಪಾಸಾಯಿತು. ಮರುದಿನ ಎಂಟು ಸದಸ್ಯರ ಅಮಾನತು.

ನವೆಂಬರ್ ಕೊನೆಗೆ ರೈತರು ದೆಹಲಿಯ ಸಿಂಘು, ಟಿಕ್ರಿ, ಗಾಜಿಪುರ ಗಡಿಗಳಲ್ಲಿ ಕೂತರು. ಡಿಸೆಂಬರ್ 9ರಂದು ಸರ್ಕಾರ ಲಿಖಿತ ಪ್ರಸ್ತಾವ ಕಳಿಸಿತು. ಅದರಲ್ಲಿ ಏನಿತ್ತು ನೋಡಿ. ಹೊರಗಿನ ವ್ಯಾಪಾರಕ್ಕೂ ರಾಜ್ಯಗಳು ಶುಲ್ಕ ಹಾಕಬಹುದು. ವ್ಯಾಪಾರಿಗಳ ನೋಂದಣಿಗೆ ರಾಜ್ಯಗಳು ನಿಯಮ ಮಾಡಬಹುದು. ರೈತ ಸಿವಿಲ್ ಕೋರ್ಟಿಗೂ ಹೋಗಬಹುದು. ಆಕ್ಷೇಪ ಎತ್ತಿದ್ದ ಕಲಮುಗಳೇ ಅಲ್ವಾ ಇವು? ಈ ತಿದ್ದುಪಡಿಗಳು ಸೆಪ್ಟೆಂಬರ್‌ನಲ್ಲಿ ಸಮಿತಿಯ ಮುಂದೆ ಆಗಬಹುದಿತ್ತು. ಡಿಸೆಂಬರ್ ಹೊತ್ತಿಗೆ ಕಾಲ ಮೀರಿತ್ತು. ರದ್ದು ಮಾಡಿ ಅನ್ನೋದು ಬಿಟ್ಟು ಬೇರೆ ಮಾತಿಗೆ ರೈತ ಸಂಘಟನೆಗಳು ತಯಾರಿರಲಿಲ್ಲ.

ಆಮೇಲಿನದ್ದು ಬೇಗ ಹೇಳಿಬಿಡ್ತೇನೆ. ಜನವರಿ 22ರವರೆಗೆ 11 ಸುತ್ತಿನ ಮಾತುಕತೆ. ಒಂದೂವರೆ ವರ್ಷ ತಡೆಹಿಡಿಯುವ ಪ್ರಸ್ತಾವ, ಅದಕ್ಕೂ ನಿರಾಕರಣೆ. ಜನವರಿ 26ರ ಟ್ರ್ಯಾಕ್ಟರ್ ಮೆರವಣಿಗೆ, ಕೆಂಪುಕೋಟೆಯ ಗಲಾಟೆ. 2021ರ ನವೆಂಬರ್ 19ರಂದು ಪ್ರಧಾನಿಯಿಂದ ರದ್ದತಿಯ ಘೋಷಣೆ. ನವೆಂಬರ್ 29ರಂದು ರದ್ದತಿ ಮಸೂದೆ ಎರಡೂ ಸದನಗಳಲ್ಲಿ ಪಾಸ್. ಲೋಕಸಭೆಯಲ್ಲಿ ಚರ್ಚೆಯೇ ಇಲ್ಲದೆ, ಕೆಲವೇ ನಿಮಿಷಗಳಲ್ಲಿ. ಬರುವಾಗ ಮತಗಣನೆ ಇಲ್ಲ, ಹೋಗುವಾಗ ಚರ್ಚೆ ಇಲ್ಲ.

ಕರ್ನಾಟಕದ ಕಥೆ ಬೇರೆ

ಪ್ರಿಲಿಮ್ಸ್‌ನಲ್ಲಿ ಎಡವಿಸುವ ಜಾಗ ಇದು. ಕೇಂದ್ರದ ಸುಗ್ರೀವಾಜ್ಞೆಗೂ ಮೊದಲೇ, 2020ರ ಮೇ ತಿಂಗಳಲ್ಲಿ, ರಾಜ್ಯ ಸರ್ಕಾರ 1966ರ ಎಪಿಎಂಸಿ ಕಾಯ್ದೆಗೆ ಸುಗ್ರೀವಾಜ್ಞೆ ಮೂಲಕ ತಿದ್ದುಪಡಿ ತಂದಿತ್ತು. ಪ್ರಾಂಗಣದ ಹೊರಗಿನ ಖರೀದಿಗೆ ಅದರಿಂದ ದಾರಿಯಾಯಿತು. ಜುಲೈನಲ್ಲಿ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಬಂತು. ಕೃಷಿಕರಲ್ಲದವರು ಜಮೀನು ಕೊಳ್ಳಲು ಅಡ್ಡಿಯಾಗಿದ್ದ 79ಎ, 79ಬಿ ಕಲಮುಗಳು ಹೋದವು. 2020ರ ಸೆಪ್ಟೆಂಬರ್ 28ರ ಕರ್ನಾಟಕ ಬಂದ್ ನಡೆದದ್ದು ಕೇಂದ್ರ ಮತ್ತು ರಾಜ್ಯ ಎರಡರ ಕಾಯ್ದೆಗಳ ವಿರುದ್ಧ. ಕೇಂದ್ರದ ಮೂರು ಕಾಯ್ದೆಗಳು ಹೋದ ಮಾತ್ರಕ್ಕೆ ರಾಜ್ಯದವು ಹೋಗಲಿಲ್ಲ. ಅವು ಬೇರೆ ಸದನ ಮಾಡಿದ ಬೇರೆ ಕಾಯ್ದೆಗಳು.

ಈ ಸೀಮೆಗೆ ಸರ್ಕಾರದ ವಿರುದ್ಧ ಎದ್ದು ನಿಲ್ಲೋದು ಹೊಸದಲ್ಲ. ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರದ ವಿರುದ್ಧ 1980ರಲ್ಲಿ ನರಗುಂದ, ನವಲಗುಂದದಲ್ಲಿ ಬಂಡಾಯವಾಗಿ ಗೋಲಿಬಾರ್ ಆಯಿತು. ಜುಲೈ 21 ಇಂದಿಗೂ ರೈತ ಹುತಾತ್ಮ ದಿನ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗುಂಡು ಹಾರಿ ಇಬ್ಬರು ಸತ್ತರು. ಆದರೂ 2020ರಲ್ಲಿ ಇಲ್ಲಿ ಸಿಂಘು ಗಡಿಯಂಥ ವರ್ಷಗಟ್ಟಲೆಯ ಧರಣಿ ಆಗಲಿಲ್ಲ. ಯಾಕೆ?

ನನ್ನ ಉತ್ತರ ಇದು. ಪಂಜಾಬಿನವರಿಗೆ ಕಳೆದುಕೊಳ್ಳಲು ಒಂದು ವ್ಯವಸ್ಥೆ ಇತ್ತು. ನಮ್ಮವರಿಗೆ ಅದು ಪೂರ್ತಿ ಸಿಕ್ಕೇ ಇಲ್ಲ. ಕೇಂದ್ರ 22 ಬೆಳೆಗಳಿಗೆ ಬೆಂಬಲ ಬೆಲೆ ಘೋಷಿಸುತ್ತದೆ. ಬ್ಯಾಡಗಿ ಮೆಣಸಿನಕಾಯಿ ಅದರಲ್ಲಿಲ್ಲ, ಉಳ್ಳಾಗಡ್ಡಿಯೂ ಇಲ್ಲ. ಹೆಸರು, ಕಡಲೆ, ಗೋವಿನಜೋಳ ಇವೆ. ಆದರೆ ಖರೀದಿ ಕೇಂದ್ರ ತೆರೆಯುವ ಹೊತ್ತಿಗೆ ಎಷ್ಟೋ ರೈತರು ಮಾಲು ಮಾರಿ ಸಾಲ ತೀರಿಸಿರುತ್ತಾರೆ. ಇಲ್ಲಿನ ಶುಲ್ಕವೂ ಪಂಜಾಬಿನಷ್ಟಿಲ್ಲ. ಶೇ. 1.5 ಇದ್ದದ್ದನ್ನು ರಾಜ್ಯ 2020ರಲ್ಲಿ ಶೇ. 0.35ಕ್ಕೆ ಇಳಿಸಿ, ಆಮೇಲೆ ಮತ್ತೆ ಏರಿಸಿತು. ಹೀಗಾಗಿ ಇಲ್ಲಿ ಸೆಸ್ ಬಗ್ಗೆ ಜಾಸ್ತಿ ಚಿಂತೆ ಮಾಡಿದವರು ಎಪಿಎಂಸಿಯ ವರ್ತಕರು ಮತ್ತು ಹಮಾಲರು. ರೈತನ ತಕರಾರು ತೂಕದ್ದು, ಟೆಂಡರಿನ ದರದ್ದು, ದಲಾಲಿ ಅಂಗಡಿಯ ಮುಂಗಡದ್ದು.

ಎಪಿಎಂಸಿ ಇದ್ದರೆ ಎಲ್ಲ ಸರಿ ಅಂತಲೂ ಬರೆಯಬೇಡಿ. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಕುಸಿದಾಗ ರೈತರು ಎಪಿಎಂಸಿ ಕಚೇರಿಗೇ ನುಗ್ಗಿದರು, ವಾಹನಗಳು ಸುಟ್ಟವು. ಅದು ಪೂರ್ತಿ ನಿಯಂತ್ರಿತ ಮಾರುಕಟ್ಟೆಯ ಒಳಗೇ ಆದದ್ದು.

ಮುಂದಿನ ಪ್ರಶ್ನೆ ಬಹುಶಃ ಬೆಂಬಲ ಬೆಲೆಗೆ ಕಾನೂನಿನ ಖಾತ್ರಿ ಬೇಕೇ ಅನ್ನೋದರ ಮೇಲೆ ಬರುತ್ತದೆ. 2024ರ ಫೆಬ್ರವರಿಯಲ್ಲಿ ಪಂಜಾಬಿನ ರೈತರು ಶಂಭು ಗಡಿಗೆ ಬಂದದ್ದು ಇದೇ ಬೇಡಿಕೆಯಿಂದ. ಅದಕ್ಕೆ ನಮ್ಮ ಕಡೆಯ ಉದಾಹರಣೆ ಬೇಕಾದರೆ 2025ರ ನವೆಂಬರ್ ನೋಡಿ. ಗೋವಿನಜೋಳಕ್ಕೆ ಕ್ವಿಂಟಲ್‌ಗೆ 2,400 ರೂಪಾಯಿ ಬೆಂಬಲ ಬೆಲೆ ಕಾಗದದ ಮೇಲೆ ಇತ್ತು. ಖರೀದಿ ಕೇಂದ್ರ ತೆರೆಯಿರಿ ಎಂದು ಲಕ್ಷ್ಮೇಶ್ವರದಲ್ಲಿ ರೈತರು ಧರಣಿ ಕೂತಿದ್ದರು.