ಲೈಟು ಉರಿಯುತ್ತೆ, ಸೆಲ್ಫ್ ಹೊಡೆಯಲ್ಲ

ಕೊಡವರ ಕಕ್ಕಡ ತಿಂಗಳ ಮಳೆ. ಮಡಿಕೇರಿಯಲ್ಲಿ ನಾಲ್ಕು ದಿನದಿಂದ ಬಿಸಿಲೇ ಇರಲಿಲ್ಲ. ಬೆಳಿಗ್ಗೆ ಕಾರಿನ ಕೀ ತಿರುಗಿಸಿದೆ. ಹೆಡ್‌ಲೈಟ್ ಝಗ್ಗನೆ ಉರಿಯಿತು, ಹಾರನ್ ಜೋರಾಗಿಯೇ ಇತ್ತು. ಸೆಲ್ಫ್ ಮಾತ್ರ ‘ಟಕ್’ ಎಂದು ಸುಮ್ಮನಾಯಿತು. ಮನೆ ಮುಂದಿನ ಇಳಿಜಾರು ಕಾಪಾಡಿತು. ಸೆಕೆಂಡ್ ಗೇರಿಗೆ ಹಾಕಿ ಉರುಳಿಸಿದೆ, ಗಾಡಿ ಸ್ಟಾರ್ಟ್ ಆಯಿತು. ಗ್ಯಾರೇಜಿನಲ್ಲಿ “ಬ್ಯಾಟರಿ ಹೋಗಿದೆ” ಎಂದರು. ಹೊಸದು ಹಾಕಿಸಿದೆ. ಮೂರನೇ ದಿನ ಮತ್ತದೇ ‘ಟಕ್’.

ಆಗ ವೋಲ್ಟ್ ಅಳೆಯುವ ಮಲ್ಟಿಮೀಟರ್ ಕೈಗೆತ್ತಿಕೊಂಡೆ.

ಕಾರಿನ ಸೀಸ-ಆಮ್ಲದ ಬ್ಯಾಟರಿಯೊಳಗೆ ಆರು ಸೆಲ್‌ಗಳಿವೆ. ಒಂದೊಂದೂ ಸುಮಾರು 2.1 ವೋಲ್ಟ್. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ತೋರಿಸಿದರೆ ಬ್ಯಾಟರಿ ತುಂಬಿದೆ. 12.2 ಅಂದರೆ ಹೆಚ್ಚುಕಮ್ಮಿ ಅರ್ಧ. 12ಕ್ಕಿಂತ ಇಳಿದರೆ ಬಹುತೇಕ ಖಾಲಿ. ಸಂಜೆ ತುಂಬಿದ್ದದ್ದು ಬೆಳಿಗ್ಗೆ ಇಳಿದಿದ್ದರೆ ಡಿಕ್ಕಿಯ ಲೈಟು ಉರಿಯುತ್ತಲೇ ಇದೆಯಾ ನೋಡಿ.

ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಬರಬೇಕು. ಜಾಸ್ತಿ ಯಾಕೆ? ತೋಟದ ಕೆರೆಯಿಂದ ಮೇಲಿನ ಟ್ಯಾಂಕಿಗೆ ನೀರು ಏರಬೇಕಾದರೆ ಪಂಪಿನ ಒತ್ತಡ ಆ ಎತ್ತರವನ್ನು ಮೀರಬೇಕು ಅಲ್ವಾ? ಇದೂ ಹಾಗೇ, ಬ್ಯಾಟರಿ ತುಂಬಬೇಕಾದರೆ ಅದರ ವೋಲ್ಟೇಜನ್ನು ಮೀರಬೇಕು. ಎಂಜಿನ್ ಓಡುತ್ತಿದ್ದರೂ 12.3ರಲ್ಲೇ ನಿಂತರೆ ಆಲ್ಟರ್ನೇಟರ್ (ಹಳಬರ ಬಾಯಲ್ಲಿ ಡೈನಮೋ) ಚಾರ್ಜ್ ಮಾಡುತ್ತಿಲ್ಲ. ಅದನ್ನು ತಿರುಗಿಸುವ ಬೆಲ್ಟ್ ಸಡಿಲವಾಗಿರಬಹುದು. ಒದ್ದೆ ಬೆಳಿಗ್ಗೆ ಕೇಳುವ ‘ಕೀಚ್’ ಸದ್ದು ಅದರದ್ದೇ ಇರಬಹುದು.

ನನ್ನ ಗಾಡಿಯಲ್ಲಿ 12.6 ಇತ್ತು, ಓಡುವಾಗ 14.2. ಎರಡೂ ಸರಿ! ಹಾಗಾದರೆ ಸೆಲ್ಫಿಗೆ ಏನಾಗಿದೆ?

ಗುಟ್ಟು ಇದ್ದದ್ದು ಜರ್ಮನಿಯ ವಿಜ್ಞಾನಿ ಗಿಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದಲ್ಲಿ. ಕರೆಂಟನ್ನು ಓಮ್ ಲೆಕ್ಕದ ತಡೆಯಿಂದ ಗುಣಿಸಿ. ಅಷ್ಟು ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಯಾವುದೋ ಜಾಯಿಂಟಿನಲ್ಲಿ ತುಕ್ಕು ಹಿಡಿದು 0.02 ಓಮ್ ತಡೆ ಬಂದಿದೆ ಎನ್ನಿ. ಎಷ್ಟು ಚಿಕ್ಕ ಸಂಖ್ಯೆ! ಹೆಡ್‌ಲೈಟ್‌ಗಳು 10 ಆಂಪಿಯರ್ ಎಳೆದರೆ ನಷ್ಟ 0.2 ವೋಲ್ಟ್. ಕಣ್ಣಿಗೆ ಗೊತ್ತೇ ಆಗಲ್ಲ. ಸೆಲ್ಫ್ ಮೋಟರ್ 150 ಆಂಪಿಯರ್ ಎಳೆದರೆ ನಷ್ಟ 3 ವೋಲ್ಟ್. ಅದೇ ತುಕ್ಕು, ಅದೇ ವೈರು. ಲೈಟಿಗೆ ಏನೂ ಆಗಲ್ಲ, ಸೆಲ್ಫಿಗೆ ಉಸಿರೇ ಸಾಲದು. ಲೈಟ್ ಉರಿಯುತ್ತಿದೆ ಅನ್ನುವುದರಿಂದ ಕನೆಕ್ಷನ್ ಚೆನ್ನಾಗಿದೆ ಅಂತ ಹೇಳಲು ಬರುವುದಿಲ್ಲ.

ಪರೀಕ್ಷೆ ಸುಲಭ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ. ಸೆಲ್ಫಿನ ಕರೆಂಟು ಬ್ಯಾಟರಿಗೆ ವಾಪಸ್ ಬರುವ ದಾರಿ ಇದೇ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಸುಮಾರು 0.2 ವೋಲ್ಟ್ ಒಳಗಿದ್ದರೆ ಸರಿ. ನನ್ನ ಮೀಟರ್ 3ರ ಹತ್ತಿರ ಹೋಯಿತು.

ಮೈನಸ್ ವೈರು ಬಾಡಿಗೆ ಸೇರುವ ಬೋಲ್ಟಿನ ಕೆಳಗೆ ಕೆಂಪು ತುಕ್ಕು ಕೂತಿತ್ತು. ಬ್ಯಾಟರಿ ಬದಲಿಸುವಾಗ ಈ ಬೋಲ್ಟನ್ನು ಯಾರೂ ಮುಟ್ಟಬೇಕಾಗಿಲ್ಲ. ಅದಕ್ಕೇ ಹೊಸ ಬ್ಯಾಟರಿ ಬಂದರೂ ಕಾಯಿಲೆ ಅಲ್ಲೇ ಉಳಿದಿತ್ತು. ನಮ್ಮ ಕೊಡಗಿನ ಥಂಡಿಗೆ ಇಂಥ ಜಾಯಿಂಟು ಬೇಗ ಬಲಿ.

ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿಟ್ಟೆ. ಇಂಥ ಕೆಲಸದಲ್ಲಿ ಯಾವಾಗಲೂ ಮೈನಸ್ಸೇ ಮೊದಲು, ಇಲ್ಲದಿದ್ದರೆ ಸ್ಪ್ಯಾನರ್ ಬಾಡಿಗೆ ತಾಗಿ ಕಿಡಿ ಹಾರಬಹುದು. ಆಮೇಲೆ ಬೋಲ್ಟು ಬಿಚ್ಚಿ, ಲೋಹ ಹೊಳೆಯುವವರೆಗೆ ಉಪ್ಪು ಕಾಗದದಲ್ಲಿ ಉಜ್ಜಿದೆ. ಬಿಗಿ ಮಾಡಿ, ಮೇಲೆ ಸ್ವಲ್ಪ ಗ್ರೀಸ್ ಸವರಿದೆ. ಕೀ ತಿರುಗಿಸಿದ ಕೂಡಲೇ ಎಂಜಿನ್ ಹಿಡಿಯಿತು. ಹಳೆಯ ಬ್ಯಾಟರಿ ಆಗಲೇ ಎಕ್ಸ್‌ಚೇಂಜಿಗೆ ಹೋಗಿತ್ತು. ಅದನ್ನು ಕೊಡುವ ಮುಂಚೆ ಒಂದು ಸಲ ಅಳೆಯಬೇಕಿತ್ತು ಅನ್ನುವ ಕೊರಗು ಈಗಲೂ ಇದೆ.