ಬೆಳಗ್ಗೆ ಕಾರು ಕೀಂಯ್ ಅಂದರೆ ಬೆಲ್ಟಿಗೆ ಸೋಪು ಉಜ್ಜಬಹುದಾ?

ಪ್ರಶ್ನೆ: ಮಳೆ ಶುರುವಾದ ಮೇಲೆ ಬೆಳಗ್ಗೆ ಕಾರು ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ ಒಳಗಿಂದ ಕೀಂಯ್ ಅಂತ ಶಬ್ದ ಬರುತ್ತದೆ. ಫ್ಯಾನ್ ಬೆಲ್ಟಿಗೆ ಒಣ ಸೋಪು ಉಜ್ಜಿದರೆ ಸಾಕು ಅಂತ ನಮ್ಮ ಬಾವ ಹೇಳುತ್ತಾರೆ. ಉಜ್ಜಬಹುದಾ?

ಬೇಡ ಮಾರಾಯ್ರೇ. ಪ್ರತಿ ಜೂನಿನಲ್ಲೂ ಇದೇ ಪ್ರಶ್ನೆ. ಸೋಪಿನ ಜಾಗದಲ್ಲಿ ಒಬ್ಬರು ತೆಂಗಿನೆಣ್ಣೆ ಅನ್ನುತ್ತಾರೆ, ಇನ್ನೊಬ್ಬರು ಮೇಣದಬತ್ತಿ, ಮತ್ತೊಬ್ಬರು ಪೌಡರ್. ನಾನೂ ಪ್ರತಿ ಸಲ ಬೇಡ ಅಂತ ಹೇಳಿ ಸುಮ್ಮನಾಗುತ್ತಿದ್ದೆ. ಈ ಸಲ ಯಾಕೆ ಬೇಡ ಅಂತ ಪೂರ್ತಿ ಹೇಳುತ್ತೇನೆ.

ಆ ಬೆಲ್ಟಿನ ಕೆಲಸ ನೋಡಿ. ಎಂಜಿನ್ನಿನ ಕ್ರ್ಯಾಂಕ್ ಪುಲ್ಲಿ ತಿರುಗಿದಾಗ ಅದರ ಬಲವನ್ನು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿಗೆ, ಎಸಿ ಕಂಪ್ರೆಸರಿಗೆ, ಎಷ್ಟೋ ಗಾಡಿಗಳಲ್ಲಿ ಎಂಜಿನ್ ತಣಿಸುವ ನೀರು ಓಡಿಸುವ ವಾಟರ್ ಪಂಪಿಗೂ ಮುಟ್ಟಿಸುವುದು. ಅದಕ್ಕೆ ಚೈನಿನ ಹಾಗೆ ಕೊಂಡಿ ಇಲ್ಲ, ಟೈಮಿಂಗ್ ಬೆಲ್ಟಿನ ಹಾಗೆ ಹಲ್ಲೂ ಇಲ್ಲ. ರಬ್ಬರು ಪುಲ್ಲಿಯನ್ನು ಬಿಗಿಯಾಗಿ ಹಿಡಿದುಕೊಂಡಿದೆ, ಅಷ್ಟೇ. ಸೋಪು ಏನು ಮಾಡುತ್ತದೆ? ಜಾರಿಸುತ್ತದೆ. ಹಿಡಿತದಿಂದಲೇ ಬದುಕುವ ವಸ್ತುವಿಗೆ ನೀವು ಜಾರುವ ಪದಾರ್ಥ ಹಚ್ಚುತ್ತಿದ್ದೀರಿ!

"ಆದರೆ ಉಜ್ಜಿದರೆ ಸದ್ದು ನಿಲ್ಲುತ್ತದಲ್ಲಾ?" ನಿಲ್ಲುತ್ತದೆ. ತಪ್ಪು ತಿಳುವಳಿಕೆ ಗಟ್ಟಿಯಾಗುವುದೇ ಅಲ್ಲಿ. ರಬ್ಬರು ಪುಲ್ಲಿಯನ್ನು ಹಿಡಿದು ಬಿಟ್ಟು, ಮತ್ತೆ ಹಿಡಿದು ಬಿಟ್ಟು ವೇಗವಾಗಿ ನಡುಗುವಾಗ ಆ ಕೀಂಯ್ ಹುಟ್ಟುತ್ತದೆ. ಸೋಪು ಬಿದ್ದ ಮೇಲೆ ಹಿಡಿಯುವುದೇ ಕಡಿಮೆ. ನುಣ್ಣಗೆ, ಸದ್ದಿಲ್ಲದೆ ಜಾರುತ್ತದೆ. ನಿಮಗೆ ರಿಪೇರಿಯಾದ ಹಾಗೆ ಕೇಳಿಸುತ್ತದೆ, ಬೆಲ್ಟ್ ಮಾತ್ರ ಮೊದಲಿಗಿಂತ ಜಾಸ್ತಿ ಜಾರುತ್ತಿರುತ್ತದೆ. ಜಾರಿದರೆ ಬಿಸಿ, ಬಿಸಿಯಾದರೆ ರಬ್ಬರು ಗಾಜಿನ ಹಾಗೆ ಹೊಳಪಾಗುತ್ತದೆ, ಹೊಳಪಾದ ಮೇಲೆ ಹಿಡಿತ ಇನ್ನೂ ಕಡಿಮೆ.

ಕಳೆದ ಮಳೆಗಾಲದಲ್ಲಿ ಒಬ್ಬರು ಹೊಸ ಬ್ಯಾಟರಿ ಹಾಕಿಸಿ ಮೂರೇ ವಾರಕ್ಕೆ "ಸ್ಟಾರ್ಟೇ ಆಗುವುದಿಲ್ಲ" ಅಂತ ಬಂದರು. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸುಮಾರು 13.5ರಿಂದ 14.5 ವೋಲ್ಟ್ ಇರಬೇಕು. ಅವರ ಗಾಡಿಯಲ್ಲಿ ಹೆಡ್‌ಲೈಟ್, ವೈಪರ್, ಬ್ಲೋವರ್ ಹಾಕಿದರೆ 12ರ ಹತ್ತಿರ ಇಳಿಯುತ್ತಿತ್ತು. ಬೆಲ್ಟ್ ತೆಗೆದರೆ ಅದರ ಒಳಮೈಯ ಉದ್ದುದ್ದ ಉಬ್ಬುಗೆರೆಗಳ ನಡುವೆ ಬಿಳಿ ಸೋಪು ಕೂತಿತ್ತು. ಆಲ್ಟರ್ನೇಟರ್ ಚೆನ್ನಾಗಿಯೇ ಇತ್ತು, ಅದನ್ನು ತಿರುಗಿಸುವವರಿರಲಿಲ್ಲ. ಹೊಸ ಬ್ಯಾಟರಿಯ ದುಡ್ಡು ದಂಡ. ವಾಟರ್ ಪಂಪೂ ಅದೇ ಬೆಲ್ಟಿನಲ್ಲಿದ್ದು ಶಿರಾಡಿ ಘಾಟಿ ಹತ್ತುವಾಗ ಹೀಗಾದರೆ ಎಂಜಿನ್ನೇ ಕಾದು ಬಿಸಿಯಾಗುತ್ತದೆ.

ತೆಂಗಿನೆಣ್ಣೆಯೂ ಜಾರಿಸುತ್ತದೆ. ಮೇಲಿಂದ ನಮ್ಮ ಕೆಂಪು ಮಣ್ಣನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ ಮಣ್ಣು ಗೆರೆಗಳೊಳಗೆ ಮರಳು ಕಾಗದದ ಹಾಗೆ ಉಜ್ಜುತ್ತಾ ಹೋಗುತ್ತದೆ. ಎಂಜಿನ್ ಆಯಿಲ್, ಡೀಸೆಲ್ ಹಚ್ಚುವ ಯೋಚನೆಯೇ ಬೇಡ. ಈಗಿನ ಬೆಲ್ಟುಗಳ ಇಪಿಡಿಎಂ ಅನ್ನುವ ಕೃತಕ ರಬ್ಬರು ಅದಕ್ಕೆ ಊದಿಕೊಳ್ಳುತ್ತದೆ.

ಹಾಗಾದರೆ ಎಂತ ಮಾಡುವುದು? ಮೊದಲು ಸದ್ದನ್ನು ಗಮನಿಸಿ. ರಾತ್ರಿಯಿಡೀ ಮಳೆ ಬಂದು ಬೆಳಗ್ಗೆ ನಾಲ್ಕೈದು ಸೆಕೆಂಡ್ ಕೂಗಿ ನಿಂತರೆ ಅದು ಪಸೆ. ಸ್ಟಾರ್ಟ್ ಆದ ಕೂಡಲೇ ಬ್ಯಾಟರಿ ತುಂಬಲು ಆಲ್ಟರ್ನೇಟರಿಗೆ ಭಾರವೂ ಜಾಸ್ತಿ. ಅಪರೂಪಕ್ಕಾದರೆ ಹೆದರಬೇಕಾಗಿಲ್ಲ. ದಿನಾ ಕೂಗಿದರೆ, ಬಿಸಿಲಲ್ಲೂ ಕೂಗಿದರೆ, ಎಸಿ ಹಾಕಿದಾಗ ಕೂಗಿದರೆ ನೀರಿನ ಪರೀಕ್ಷೆ ಮಾಡಿ. ಎಂಜಿನ್ ಐಡಲ್‌ನಲ್ಲಿರುವಾಗ ಕೈ, ತೋಳು, ಶಾಲು ದೂರವಿಟ್ಟು ಸ್ಪ್ರೇ ಬಾಟಲಿಯಿಂದ ಬೆಲ್ಟಿನ ಗೆರೆಗಳ ಕಡೆಗೆ ಸ್ವಲ್ಪ ನೀರು ಚಿಮುಕಿಸಿ. ಸದ್ದು ಒಂದು ಕ್ಷಣ ನಿಂತು ಮತ್ತೆ ಬಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ ಅನ್ನುವ ಅನುಮಾನ. ನೀರು ಬಿದ್ದ ಕೂಡಲೇ ಜಾಸ್ತಿಯಾದರೆ ಬೆಲ್ಟಿನ ಬಿಗಿ ಸಾಲದು. ನಾಲ್ಕು ಹನಿ ನೀರು ಇಷ್ಟು ಹೇಳುತ್ತದೆ, ಸೋಪು ಇದನ್ನೇ ಮುಚ್ಚಿಡುತ್ತದೆ.

ಆಮೇಲೆ ಎಂಜಿನ್ ಆಫ್ ಮಾಡಿ, ಕೀ ಜೇಬಿಗೆ ಹಾಕಿ, ಟಾರ್ಚ್ ಹಿಡಿದು ನೋಡಿ. ಬಿರುಕು ಇಲ್ಲದಿದ್ದರೆ ಬೆಲ್ಟ್ ಸರಿಯಿದೆ ಅಂದುಕೊಳ್ಳಬೇಡಿ. ಹಳೆಯ ಕಾಲದ ನಿಯೋಪ್ರೀನ್ ರಬ್ಬರಿನ ಬೆಲ್ಟ್ ಸವೆದಾಗ ಬಿರುಕು ಬಿಟ್ಟು ತೋರಿಸುತ್ತಿತ್ತು. ಇಪಿಡಿಎಂ ಟೈರಿನ ಹಾಗೆ ಸದ್ದಿಲ್ಲದೆ ಸವೆಯುತ್ತದೆ. ಹೊಸ ಬೆಲ್ಟಿನ ಪಕ್ಕದಲ್ಲಿ ಹಿಡಿದರೆ ಉಬ್ಬುಗೆರೆಗಳು ತೆಳ್ಳಗಾಗಿ, ನಡುವಿನ ತಗ್ಗು ಅಗಲವಾಗಿರುವುದು ಕಾಣುತ್ತದೆ.

ಬದಲಿಸುವ ಕೆಲಸ ದೊಡ್ಡದಲ್ಲ. ತೆಗೆಯುವ ಮೊದಲು ಬೆಲ್ಟ್ ಸುತ್ತುವ ದಾರಿಯ ಫೋಟೋ ತೆಗೆಯಿರಿ. ಬೆಲ್ಟ್ ಕಳಚಿದಾಗ ಅದನ್ನು ಬಿಗಿ ಹಿಡಿಯುವ ಟೆನ್ಷನರ್, ದಾರಿಯಲ್ಲಿಡುವ ಐಡ್ಲರ್ ಪುಲ್ಲಿಗಳನ್ನು ಕೈಯಲ್ಲಿ ತಿರುಗಿಸಿ ನೋಡಿ. ಕರಕರ ಅಂದರೆ ಅದನ್ನೂ ಬದಲಿಸಿ, ಕಡಲ ಬದಿಯ ಉಪ್ಪುಗಾಳಿಗೆ ಬೇರಿಂಗ್ ಬೇಗ ತುಕ್ಕು ಹಿಡಿಯುತ್ತದೆ. ಹೊಸದು ಹಾಕಿದ ಮೇಲೆ ಪ್ರತಿ ಗೆರೆಯೂ ಪುಲ್ಲಿಯೊಳಗೆ ಕೂತಿದೆಯಾ ನೋಡಿ. ಕೈಯಲ್ಲಿ ಬಿಗಿ ಮಾಡುವ ಗಾಡಿಯಾದರೆ ಜಾಸ್ತಿ ಬಿಗಿಯಬೇಡಿ, ಆಲ್ಟರ್ನೇಟರಿನ ಬೇರಿಂಗ್ ಹೋಗುತ್ತದೆ.

ಯಾರೂ ಕೇಳದ ಒಂದು ವಿಷಯ ಉಂಟು, ಬೆಲ್ಟಿನ ಬೆನ್ನ ಮೇಲಿನ ನಂಬರ್. ಅದನ್ನು ಓದಲು ಕಲಿಸುವುದು ನನಗೆ ತುಂಬಾ ಇಷ್ಟ. 6ಪಿಕೆ1200 ಅಂತಿದ್ದರೆ 6 ಗೆರೆ, ಪಿಕೆ ಅನ್ನುವುದು ಗೆರೆಯ ಆಕಾರ, 1200 ಮಿಲಿಮೀಟರ್ ಉದ್ದ. ಪಿಕೆ ಗೆರೆಗಳ ನಡುವಿನ ಅಂತರ 3.56 ಮಿಲಿಮೀಟರ್. ಹಾಗಾಗಿ ಆರು ಗೆರೆಯ ಬೆಲ್ಟ್ ಸುಮಾರು 21 ಮಿಲಿಮೀಟರ್ ಅಗಲ. ಅಂಗಡಿಯಲ್ಲಿ "ಇದೂ ಆಗುತ್ತದೆ" ಅಂತ 5ಪಿಕೆ ಕೊಟ್ಟರೆ ಹಿಂದೆ ಕೊಡಿ. ನಂಬರ್ ಅಳಿಸಿದ್ದರೆ ಗೆರೆ ಎಣಿಸಿ, ಗಾಡಿಯ ಮಾಡೆಲ್, ವರ್ಷ ಹೇಳಿ ಕೇಳಿ. ತೆಗೆದ ಹಳೆಯ ಬೆಲ್ಟ್ ಹರಿದಿಲ್ಲವಾದರೆ ತೊಳೆದು ಒಣಗಿಸಿ ಡಿಕ್ಕಿಯಲ್ಲಿಡಿ. ಆಗುಂಬೆ ತಿರುವಿನಲ್ಲಿ ರಾತ್ರಿ ಬೆಲ್ಟ್ ತುಂಡಾದರೆ ಸೋಮೇಶ್ವರಕ್ಕೆ ಇಳಿಯುವಷ್ಟು ಅದು ಸಾಕು.