ಮಕ್ಕಳೆಂದರೆ ಇಷ್ಟ, ಸರಿ. ಎಷ್ಟು ವಯಸ್ಸಿನ ಮಕ್ಕಳು?

ಪಿಯುಸಿ ಫಲಿತಾಂಶ ಬಂದ ಮೇಲೆ ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಸಲಹೆ ಕೇಳಲು ಬರುವ ಹುಡುಗ ಹುಡುಗಿಯರಲ್ಲಿ ಅನೇಕರು ಆಡುವ ಮಾತು ಒಂದೇ: "ನನಗೆ ಮಕ್ಕಳೆಂದರೆ ಬಹಳ ಇಷ್ಟ, ಮಕ್ಕಳ ಜೊತೆ ಇರುವಂಥ ಕೆಲಸ ಬೇಕು." ಪಕ್ಕದಲ್ಲಿ ಕೂತ ಅಪ್ಪ, "ಹಂಗಾದ್ರೆ ಡಿಗ್ರಿ ಮುಗಿಸಿ ಬಿ.ಇಡಿ ಮಾಡ್ಲಿ ಬಿಡ್ರಿ" ಅನ್ನುತ್ತಾರೆ. ಮನೆಯ ಮಟ್ಟಿಗೆ ತೀರ್ಮಾನ ಆಗಿಹೋಯಿತು. ಐದು ವರ್ಷ ಕಳೆದ ಮೇಲೆ ಅದೇ ಹುಡುಗಿ ಪ್ರೌಢಶಾಲೆಯಲ್ಲಿ ಐವತ್ತು ಮಕ್ಕಳ ಮುಂದೆ ಸಮಾಜ ವಿಜ್ಞಾನದ ನೋಟ್ಸ್ ಬರೆಸುತ್ತಾ, ತನಗೆ ಮಕ್ಕಳ ಮೇಲಿದ್ದ ಪ್ರೀತಿ ಎಲ್ಲಿ ಹೋಯಿತೆಂದು ಕೊರಗುತ್ತಿರುತ್ತಾಳೆ. ಪ್ರೀತಿ ಎಲ್ಲೂ ಹೋಗಿಲ್ಲ. ಆಕೆಗೆ ಇಷ್ಟವಿದ್ದದ್ದು ಮೂರು ವರ್ಷದ ಮಕ್ಕಳು. ಓದಿದ್ದು ಹದಿನಾಲ್ಕು ವರ್ಷದವರಿಗೆ ಪಾಠ ಹೇಳುವ ಕೋರ್ಸು.

ಹಾಗಾಗಿ ಕೋರ್ಸಿನ ಹೆಸರಿಗಿಂತ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಯಾವ ವಯಸ್ಸಿನ ಮಕ್ಕಳು? ಒಂದು ಸಲಕ್ಕೆ ಎಷ್ಟು ಮಂದಿ? ಆ ಮಗು ನಿಮ್ಮ ಹತ್ತಿರ ಯಾಕೆ ಬಂದಿದೆ: ಕಲಿಯಲಿಕ್ಕೋ, ಜ್ವರ ಬಂದೋ, ಮಾತು ಬಾರದೆಯೋ, ಮನೆಯಲ್ಲಿ ಇರಲಾಗದೆಯೋ?

ವಯಸ್ಸಿನಿಂದ ಶುರು ಮಾಡೋಣ. ಮೂರರಿಂದ ಆರು ವರ್ಷದವರ ಜೊತೆಗಿನ ಕೆಲಸ ಮುಕ್ಕಾಲು ಪಾಲು ಮೈಕೆಲಸ. ದಿನಕ್ಕೆ ನಲವತ್ತು ಸಲ ಬಗ್ಗಬೇಕು, ನೆಲದ ಮೇಲೆ ಕೂರಬೇಕು, ಏಳಬೇಕು. ಹಾಡು ಹೇಳಿಕೊಡುವಾಗಲೇ ಒಂದು ಮಗು "ಮಿಸ್, ಉಚ್ಚೆ" ಅಂದರೆ ಹಾಡು ಅಲ್ಲಿಗೇ ನಿಲ್ಲುತ್ತದೆ. ಒದ್ದೆಯಾದ ಚಡ್ಡಿ ಬದಲಿಸುವುದು, ಮೂಗು ಒರೆಸುವುದು, ಅನ್ನ ತಿನ್ನದ ಮಗುವಿನ ಪಕ್ಕ ಕೂತು ಇನ್ನೊಂದು ತುತ್ತು ತಿನ್ನಿಸುವುದು, ಇವು ಪಾಠದ ನಡುವೆ ಬರುವ ತೊಂದರೆಗಳಲ್ಲ, ಈ ವಯಸ್ಸಿನ ಪಾಠವೇ ಇವು. ಒಂದರಿಂದ ಮೂರನೇ ತರಗತಿಗೆ ಬಂದರೆ ಕೆಲಸದ ಸ್ವರೂಪವೇ ಬೇರೆ. ಸರ್ಕಾರಿ ಶಾಲೆಯ ನಲಿ-ಕಲಿ ಕೋಣೆಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕೂತು, ಕಲಿಕಾ ಏಣಿಯ ಬೇರೆ ಬೇರೆ ಮೆಟ್ಟಿಲಲ್ಲಿರುತ್ತಾರೆ. ಶಿಕ್ಷಕರ ಪೂರ್ತಿ ಸಹಾಯ ಬೇಕಾದವರಿಂದ ಹಿಡಿದು ತಾವೇ ಕಲಿಯಬಲ್ಲವರ ತನಕ ಐದು ತಂಡ. ಒಂದು ತಂಡದೊಡನೆ ನೆಲದ ಮೇಲೆ ಕೂತಿರುವಾಗ ಉಳಿದ ನಾಲ್ಕರ ಮೇಲೆ ಕಣ್ಣಿರಬೇಕು. ಒಂದೇ ವಿಷಯವನ್ನು ಆಳವಾಗಿ ಹೇಳುವ ಖುಷಿ ಬೇಕೆನ್ನುವವರಿಗೆ ಈ ಕೋಣೆ ಹಿಂಸೆ. ಹತ್ತು ಕಡೆ ಗಮನವಿಟ್ಟು ಓಡಾಡುವವರಿಗೆ ಹಬ್ಬ.

ನಮ್ಮ ಎರಡು ಜಿಲ್ಲೆಗಳಲ್ಲಿ ಇನ್ನೊಂದು ಮಾತಿದೆ. ಮೊಳಕಾಲ್ಮೂರು, ಚಳ್ಳಕೆರೆ ಕಡೆಯ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ತಾಂಡಾಗಳಲ್ಲಿ ಲಂಬಾಣಿ, ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಸುತ್ತಿನ ಮನೆಗಳಲ್ಲಿ ಉರ್ದು. ಮೊದಲ ದಿನ ಬಾಗಿಲಲ್ಲಿ ನಿಂತು ಅಳುವ ಮಗುವಿಗೆ "ರಾ, ಕೂರ್ಚೋ" (ತೆಲುಗಿನಲ್ಲಿ "ಬಾ, ಕೂತ್ಕೋ") ಎಂದು ಅದರ ಮಾತಿನಲ್ಲೇ ಹೇಳಬಲ್ಲವರು ವಾರಗಟ್ಟಲೆ ಹಿಡಿಯುವ ಕೆಲಸವನ್ನು ಎರಡು ದಿನದಲ್ಲಿ ಮಾಡುತ್ತಾರೆ. ಮನೆಯಲ್ಲಿ ಇಂಥ ಭಾಷೆ ಇದ್ದವರು ಅದನ್ನು ಮುಚ್ಚಿಡುತ್ತಾರೆ. ಅರ್ಜಿಯಲ್ಲಿ, ಸಂದರ್ಶನದಲ್ಲಿ ಮೊದಲು ಹೇಳಬೇಕಾದ ಅರ್ಹತೆ ಅದು.

ಮೂರು ಪ್ರಶ್ನೆಗೆ ಉತ್ತರ ಯೋಚಿಸಿ ಸಿಗುವುದಿಲ್ಲ, ಮಾಡಿಯೇ ನೋಡಬೇಕು. ಫೀಸು ಕಟ್ಟುವ ಮುಂಚೆ ಹತ್ತು ದಿನ, ದಿನಕ್ಕೆ ಮೂರು ತಾಸು, ಒಂದೇ ಜಾಗದಲ್ಲಿ ಕೆಲಸ ಮಾಡಿ. ಅಂಗನವಾಡಿಗಾದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ, ಶಾಲೆಗಾದರೆ ಮುಖ್ಯ ಶಿಕ್ಷಕರಿಗೆ ಒಂದು ಪುಟದ ಪತ್ರ ಬರೆಯಿರಿ: ಯಾರು, ಯಾಕೆ, ಯಾವ ದಿನದಿಂದ ಯಾವ ದಿನದವರೆಗೆ, ಎಷ್ಟು ಹೊತ್ತು. ಆಧಾರ್ ಪ್ರತಿ ಲಗತ್ತಿಸಿ. ಒಂದೆರಡು ದಿನ ಹೋಗಿ ಬಂದರೆ ಮಕ್ಕಳು ನಿಮ್ಮನ್ನು ನೆಂಟರ ಹಾಗೆ ಕಾಣುತ್ತಾರೆ, ಅದರಿಂದ ಏನೂ ತಿಳಿಯದು. ನಾಲ್ಕನೇ ದಿನದ ಹೊತ್ತಿಗೆ ಹೊಸತನ ಕಳೆದು, ನಿಮ್ಮ ಮಾತು ಕೇಳುವುದನ್ನು ಬಿಡುತ್ತಾರೆ. ನಿಜವಾದ ಪರೀಕ್ಷೆ ಆಗ ಶುರು. ಪ್ರತಿ ಸಂಜೆ ಮೂರು ಸಾಲು ಬರೆದಿಡಿ: ಎಷ್ಟು ಹೊತ್ತಿಗೆ ಸುಸ್ತಾಯಿತು, ಯಾವ ಮಗುವಿನ ಮೇಲೆ ಸಿಟ್ಟು ಬಂತು, ಆಗ ಏನು ಮಾಡಿದೆ. ಮೈ ಸೋತು ಮನೆಗೆ ಬಂದರೂ ನಾಳೆ ಆ ಮಗುವಿಗೆ ಏನು ಮಾಡಲಿ ಎಂಬ ಯೋಚನೆ ಬಂದರೆ ಜಾಗ ಸರಿಯಿದೆ. ಮೈಗೆ ಏನೂ ಆಗದೆ ಮನಸ್ಸು ಮಾತ್ರ ಬೇಸತ್ತರೆ ವಯಸ್ಸನ್ನೋ ಸಂಖ್ಯೆಯನ್ನೋ ಬದಲಿಸಿ ಇನ್ನೊಂದು ಹತ್ತು ದಿನ ನೋಡಿ.

ಈ ದಿನಗಳಲ್ಲಿ ಮೀರಬಾರದ ಎರಡು ಗೆರೆಗಳಿವೆ. ಮಕ್ಕಳ ಫೋಟೊ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕಬೇಡಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಂದೇ ಮಗುವಿನ ಜೊತೆ ಒಬ್ಬರೇ ಇರಬೇಡಿ. ಇದು ಮಗುವಿಗೂ ರಕ್ಷಣೆ, ನಿಮಗೂ ರಕ್ಷಣೆ.

ಈಗ ಅರ್ಹತೆಯ ಲೆಕ್ಕ. ಅತಿ ಹೆಚ್ಚು ಹಣ, ವರ್ಷ ಕಳೆಯುವುದು ಇಲ್ಲಿಯೇ. ಒಂದರಿಂದ ಐದನೇ ತರಗತಿಗೆ ಬೇಕಾದದ್ದು ಪಿಯುಸಿ ನಂತರದ 2 ವರ್ಷದ ಡಿ.ಎಲ್.ಇಡಿ, ಅಂದರೆ ಹಿಂದೆ ಡಿ.ಇಡಿ ಅನ್ನುತ್ತಿದ್ದದ್ದು. ಬಿ.ಇಡಿ ಆದವರು ಈ ತರಗತಿಗಳಿಗೆ ಅರ್ಹರಲ್ಲ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಚಿಕ್ಕ ಮಕ್ಕಳಿಗೆ ಕಲಿಸುವ ವಿದ್ಯೆ ಬೇರೆಯೇ ಎಂಬುದು ಅದರ ತಿರುಳು. ಆರರಿಂದ ಎಂಟಕ್ಕೆ ಪದವಿಯ ಜೊತೆ ಬಿ.ಇಡಿ ಅಥವಾ ಡಿ.ಎಲ್.ಇಡಿ ನಡೆಯುತ್ತದೆ, ಆದರೆ ಪದವಿಯಲ್ಲಿ ಓದಿದ ಐಚ್ಛಿಕ ವಿಷಯಗಳು ಹುದ್ದೆಯ ವಿಷಯಕ್ಕೆ ಹೊಂದಬೇಕು. ಕಾಲೇಜು ಸೇರುವ ದಿನವೇ ಇದನ್ನು ನೋಡಿಕೊಳ್ಳದವರು ಅರ್ಜಿ ಹಾಕುವ ದಿನ ಕಣ್ಣೀರು ಹಾಕುತ್ತಾರೆ. ಎರಡಕ್ಕೂ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ ಕಡ್ಡಾಯ: ಐದರವರೆಗೆ ಪತ್ರಿಕೆ 1, ಆರರಿಂದ ಎಂಟಕ್ಕೆ ಪತ್ರಿಕೆ 2. ತಲಾ 150 ಪ್ರಶ್ನೆ, 150 ಅಂಕ, ಎರಡೂವರೆ ತಾಸು, ತಪ್ಪಿಗೆ ಅಂಕ ಕಳೆಯುವುದಿಲ್ಲ. ಸಾಮಾನ್ಯ ವರ್ಗಕ್ಕೆ ಶೇ 60, ಅಂದರೆ 90 ಅಂಕ ಬೇಕು. ಗಣಿತವನ್ನೇ ಉಜ್ಜಿ ಉಜ್ಜಿ ಓದಿದವರು ಹೆಚ್ಚಾಗಿ ಬೀಳುವುದು ಮಕ್ಕಳ ವಿಕಾಸ ಮತ್ತು ಬೋಧನಾಶಾಸ್ತ್ರದ 30 ಅಂಕಗಳಲ್ಲಿ. ಪಾಸಾದ ಪ್ರಮಾಣಪತ್ರಕ್ಕೆ ಈಗ ಜೀವನಪೂರ್ತಿ ಮಾನ್ಯತೆ ಇದೆ. ಆದರೆ ಟಿಇಟಿ ನೌಕರಿಯಲ್ಲ, ನೇಮಕಾತಿಯ ಬಾಗಿಲಿಗೆ ಹೋಗಲು ಚೀಟಿ ಅಷ್ಟೇ.

ಅಂಗನವಾಡಿ ಕಾರ್ಯಕರ್ತೆಗೆ ಪಿಯುಸಿ, ಸಹಾಯಕಿಗೆ ಎಸ್ಸೆಸ್ಸೆಲ್ಸಿ ಕೇಳುತ್ತಾರೆ, ಅದೇ ಊರಿನವರಾಗಿರಬೇಕು. ಇದು ಗೌರವಧನದ ಕೆಲಸ, ಸಂಬಳದ್ದಲ್ಲ; ಇದನ್ನು ಮೊದಲೇ ತಿಳಿದು ಬನ್ನಿ. ಹಾಡು, ಕಥೆ ಎಷ್ಟಿದೆಯೋ ತೂಕ, ಅಳತೆ, ಆ್ಯಪ್‌ನಲ್ಲಿ ದಾಖಲೆ ಅಷ್ಟೇ ಇದೆ. ತೋಳಿನ ಸುತ್ತಳತೆಯ ಪಟ್ಟಿ 11.5 ಸೆಂಟಿಮೀಟರ್‌ಗಿಂತ ಕೆಳಗೆ ತೋರಿಸಿದರೆ ಕೆಂಪು, ಮಗು ತೀವ್ರ ಅಪೌಷ್ಟಿಕ. ಪಟ್ಟಿಯನ್ನು ಎಡತೋಳಿನ ನಡುವೆ, ಬಿಗಿಯಾಗಿಯೂ ಸಡಿಲವಾಗಿಯೂ ಇರದಂತೆ ಸುತ್ತಬೇಕು. ಅಂಗಿಯ ಮೇಲೆ ಸುತ್ತಿದರೆ ಕೆಂಪಿನ ಮಗು ಅಪಾಯ ಕಡಿಮೆಯಿರುವ ಹಳದಿ ಗುರುತಿನಲ್ಲಿ ಕಾಣುತ್ತದೆ, ಆಸ್ಪತ್ರೆಗೆ ಹೋಗಬೇಕಾದ್ದು ಮನೆಯಲ್ಲೇ ಉಳಿಯುತ್ತದೆ.

ಖಾಸಗಿ ನರ್ಸರಿಗಳಿಗೆಂದು ಆರು ತಿಂಗಳ, ಒಂದು ವರ್ಷದ ಮಾಂಟೆಸರಿ ಸರ್ಟಿಫಿಕೇಟ್ ಕೊಡುವ ಜಾಗಗಳು ಊರೂರಲ್ಲಿವೆ. ಸರ್ಕಾರಿ ಶಿಕ್ಷಕ ಹುದ್ದೆಗೆ ಆ ಸರ್ಟಿಫಿಕೇಟ್ ಉಪಯೋಗವಿಲ್ಲ. ಖಾಸಗಿ ಶಾಲೆಯಲ್ಲಿ ಅದರ ಬೆಲೆ ನಿಮ್ಮ ಕೈಗೆ ಎಷ್ಟು ಅಭ್ಯಾಸವಾಗಿದೆ ಎಂಬುದರ ಮೇಲೆ. ಸೇರುವ ಮುಂಚೆ ಒಳಗೆ ಹೋಗಿ ಸಾಮಗ್ರಿ ನೋಡಿ. ಒಂದರ ಮೇಲೊಂದು ಪೇರಿಸುವ ಗುಲಾಬಿ ಗೋಪುರದ ಹತ್ತು ಘನಗಳೂ, 1 ಸೆಂಟಿಮೀಟರ್‌ನಿಂದ 10 ಸೆಂಟಿಮೀಟರ್‌ವರೆಗೆ, ಒಂದೂ ಕಳೆಯದೆ ಇವೆಯೇ? ವಿದ್ಯಾರ್ಥಿಗಳು ಅದನ್ನು ಮುಟ್ಟುತ್ತಾರೆಯೇ, ಬರೀ ಆಲ್ಬಮ್‌ಗೆ ಚಿತ್ರ ಅಂಟಿಸುತ್ತಾರೆಯೇ?

ಶಾಲೆಯ ಆಚೆಯ ಕೆಲಸಗಳನ್ನು ನಮ್ಮ ಕಡೆಯವರು ಯೋಚಿಸುವುದೇ ಕಡಿಮೆ. ಒಂದು ಸಲಕ್ಕೆ ಒಂದೇ ಮಗು ಸಾಕು, ಆ ಮಗುವನ್ನು ಪೂರ್ತಿ ತಿಳಿಯಬೇಕು ಅನ್ನುವವರಿಗೆ ವಾಕ್ ಚಿಕಿತ್ಸೆಯಂಥ ಕೆಲಸ ಮತ್ತೊಂದಿಲ್ಲ. ವಿಜ್ಞಾನದ ಪಿಯುಸಿ ಮುಗಿಸಿ ಶ್ರವಣ ಮತ್ತು ವಾಕ್ ಚಿಕಿತ್ಸೆಯ 4 ವರ್ಷದ ಬಿ.ಎ.ಎಸ್‌.ಎಲ್‌.ಪಿ ಪದವಿ, ಕೊನೆಯ ವರ್ಷ ಇಂಟರ್ನ್‌ಶಿಪ್. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ವಿದ್ಯೆಗೆ ದೇಶದಲ್ಲೇ ಹೆಸರಾದ ಜಾಗ. ಎಲ್ಲಿ ಸೇರಿದರೂ ಕೋರ್ಸಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇರಬೇಕು, ಅದರ ನೋಂದಣಿ ಇಲ್ಲದೆ ಚಿಕಿತ್ಸೆ ಮಾಡುವಂತಿಲ್ಲ. ವಿಶೇಷ ಶಿಕ್ಷಣದ ಡಿ.ಇಡಿ, ಬಿ.ಇಡಿಗೂ ಇದೇ ಮಾತು.

ವಾಕ್ ಚಿಕಿತ್ಸೆಯ ಕೋಣೆಯಲ್ಲಿ ಏನು ನಡೆಯುತ್ತದೆ ನೋಡಿ. ಎರಡೂವರೆ ವರ್ಷದ ಮಗು, ಒಂದು ಮಾತೂ ಇಲ್ಲ. "ಅವರಪ್ಪನೂ ತಡವಾಗೇ ಮಾತಾಡಿದ್ದು" ಎಂದು ಅಜ್ಜಿ ಹೇಳಿ ಹೇಳಿ ಆರು ತಿಂಗಳು ಹೋಗಿದೆ. ಎರಡು ವರ್ಷ ತುಂಬಿದರೂ "ಅಮ್ಮ ಬಾ" ಎನ್ನುವಂತೆ ಎರಡು ಪದ ಕೂಡಿಸದ ಮಗುವನ್ನು ಕಾಯದೆ ತೋರಿಸಬೇಕು. ಮೊದಲು ಕಿವಿಯ ಪರೀಕ್ಷೆ. ಕೇಳಿಸದ ಮಗುವಿಗೆ ತಿಂಗಳುಗಟ್ಟಲೆ ಮಾತು ಕಲಿಸಲು ಹೋದ ತಪ್ಪು ಎಷ್ಟೋ ಕಡೆ ಆಗಿದೆ. ಕಿವಿ ಸರಿಯಿದ್ದರೆ ಚಿಕಿತ್ಸಕರು ನೆಲದ ಮೇಲೆ ಕೂತು ಸೋಪಿನ ಗುಳ್ಳೆ ಊದುತ್ತಾರೆ. ಮಗು ನಗುತ್ತದೆ. ಮುಚ್ಚಳ ಹಾಕಿ, ಬಾಟಲಿಯನ್ನು ತಮ್ಮ ಬಾಯಿಯ ಹತ್ತಿರ ಹಿಡಿದು, ಕಾಯುತ್ತಾರೆ. ಒಂದು, ಎರಡು, ಮೂರು, ನಾಲ್ಕು, ಐದು ಸೆಕೆಂಡು. ಕಣ್ಣು ಮೇಲೆತ್ತಿ ನೋಡಿದರೂ ಸಾಕು, ಕೈ ಚಾಚಿ "ಊ" ಅಂದರೂ ಸಾಕು, ಕೂಡಲೇ ಊದುತ್ತಾರೆ. ಹೊಸಬರು ಸೋಲುವುದು ಈ ಐದು ಸೆಕೆಂಡಿನಲ್ಲಿ. ಕಾಯಲಾರದೆ "ಹೇಳು ಪುಟ್ಟ, ಬೇಕು ಅನ್ನು" ಎಂದು ಒತ್ತಾಯಿಸುತ್ತಾರೆ, ಮಗು ಮುಖ ತಿರುಗಿಸುತ್ತದೆ. ಇನ್ನೊಂದು ಸೋಲು, ತಾಯಿಯನ್ನು ಹೊರಗೆ ಕೂರಿಸುವುದು. ವಾರಕ್ಕೆ ಎರಡು ಗಂಟೆ ಚಿಕಿತ್ಸೆಯಿಂದ ಮಾತು ಬರುವುದಿಲ್ಲ. ರೊಟ್ಟಿ ತಟ್ಟುವಾಗ, ಸ್ನಾನ ಮಾಡಿಸುವಾಗ ತಾಯಿ ಇದೇ ರೀತಿ ಕಾದರೆ ಬರುತ್ತದೆ. ದೊಡ್ಡವರ ಜೊತೆ ಮಾತಾಡುವ ತಾಳ್ಮೆ ಇಲ್ಲದವರು ಈ ಕೆಲಸಕ್ಕೆ ಬರಬಾರದು. ಹುಟ್ಟಿನಿಂದ 18ರವರೆಗಿನ ಮಕ್ಕಳ ತಪಾಸಣೆಗೆ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದ ಕೇಂದ್ರಗಳಿಗೆ ವಾಕ್ ಚಿಕಿತ್ಸಕರು, ಫಿಸಿಯೋಥೆರಪಿಸ್ಟ್, ಮನಶ್ಶಾಸ್ತ್ರಜ್ಞ, ವಿಶೇಷ ಶಿಕ್ಷಕರು ಬೇಕಾಗುತ್ತಾರೆ. ಹೆಚ್ಚಿನವು ಗುತ್ತಿಗೆಯ ಹುದ್ದೆಗಳು.

ಮಕ್ಕಳ ವಾರ್ಡಿನ ನರ್ಸಿಂಗ್ ಕೆಲಸಕ್ಕೆ ಬೇಕಾದದ್ದು ಮುದ್ದಿಗಿಂತ ಲೆಕ್ಕ. ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ 3 ವರ್ಷ, ಬಿ.ಎಸ್ಸಿ ನರ್ಸಿಂಗ್ 4 ವರ್ಷ. ದಾವಣಗೆರೆಯಲ್ಲಿ ಬಾಪೂಜಿ ಮಕ್ಕಳ ಆಸ್ಪತ್ರೆ, ಚಿಗಟೇರಿ ಆಸ್ಪತ್ರೆ ಇರುವುದರಿಂದ ಈ ಕೆಲಸ ಹೇಗಿರುತ್ತದೆ ಎಂದು ಊರಲ್ಲೇ ಕೇಳಿ ತಿಳಿಯಬಹುದು. ಇಲ್ಲಿ ಪ್ರತಿ ಔಷಧ ತೂಕದ ಮೇಲೆ. 8 ಕೆ.ಜಿ. ಮಗುವಿಗೆ ಕೆ.ಜಿ.ಗೆ 15 ಮಿಲಿಗ್ರಾಂನಂತೆ ಪ್ಯಾರಾಸಿಟಮಾಲ್ 120 ಮಿಲಿಗ್ರಾಂ. 5 ಎಂ.ಎಲ್.ನಲ್ಲಿ 120 ಮಿಲಿಗ್ರಾಂ ಇರುವ ಸಿರಪ್ ಆದರೆ 5 ಎಂ.ಎಲ್., 250 ಇರುವುದಾದರೆ ಕೇವಲ 2.4. ಎರಡು ಬಾಟಲಿಯೂ ನೋಡಲು ಒಂದೇ ಥರ. ಲೇಬಲ್ ಓದದೆ ಕೊಟ್ಟರೆ ಎರಡು ಪಟ್ಟು ಔಷಧ ಹೋಗುತ್ತದೆ. ರಾತ್ರಿ ಮೂರು ಗಂಟೆಗೂ ಎರಡು ಸಲ ಓದುವ ಸ್ವಭಾವ ನಿಮ್ಮದಾದರೆ ಬನ್ನಿ.

ಸಮಾಜಕಾರ್ಯ ಓದಿದವರಿಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಬಾಲಮಂದಿರ, 1098 ಸಹಾಯವಾಣಿಯ ಕೆಲಸಗಳಿವೆ. ಇಲ್ಲೂ ಗುತ್ತಿಗೆಯೇ ಹೆಚ್ಚು. ಬಾಲ್ಯವಿವಾಹ ನಿಲ್ಲಿಸಲು ಹೋದಾಗ ಇಡೀ ಊರು ಎದುರು ನಿಲ್ಲಬಹುದು. ಕಿರುಕುಳಕ್ಕೆ ಒಳಗಾದ ಮಗು ಬಾಯಿ ಬಿಡುವ ಮುಂಚೆ "ಯಾರಿಗೂ ಹೇಳಲ್ಲ ತಾನೇ?" ಎಂದು ಕೇಳುತ್ತದೆ. "ಹೇಳಲ್ಲ" ಎಂದು ಮಾತು ಕೊಡಲೇಬಾರದು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯಂತೆ ತಿಳಿದವರು ದೂರು ಕೊಡಲೇಬೇಕು, ಕೊಡದಿದ್ದರೆ ಅಪರಾಧ. ಮಾತು ಕೊಟ್ಟು ಮುರಿದರೆ ಆ ಮಗು ಮತ್ತೊಬ್ಬ ದೊಡ್ಡವರನ್ನು ನಂಬುವುದಿಲ್ಲ. "ನಿನ್ನನ್ನು ಕಾಪಾಡುವವರಿಗೆ ಮಾತ್ರ ಹೇಳ್ತೀನಿ, ಯಾರಿಗೆ ಹೇಳಿದೆ ಅಂತ ನಿನಗೂ ಹೇಳ್ತೀನಿ" ಎನ್ನಬೇಕು. ಏನಾಯಿತೆಂದು ಕೆದಕಿ ಕೆದಕಿ ಕೇಳುವುದೂ ತಪ್ಪು. ಮಗು ಹೇಳಿದಷ್ಟನ್ನು ಅದರ ಮಾತಿನಲ್ಲೇ ಬರೆದುಕೊಳ್ಳಬೇಕು.

ರಂಗಭೂಮಿಯ ಒಲವಿದ್ದರೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ರಂಗಶಾಲೆಯಲ್ಲಿ ಒಂದು ವರ್ಷದ ಡಿಪ್ಲೊಮಾ ಇದೆ. ಅಲ್ಲಿ ಕಲಿತದ್ದನ್ನು ಶಾಲೆಗಳ ನಾಟಕಕ್ಕೆ, ಬೇಸಿಗೆ ಶಿಬಿರಕ್ಕೆ ತರಬಹುದು. ಹನ್ನೆರಡು ತಿಂಗಳ ಆದಾಯ ಇದೊಂದರಿಂದಲೇ ಬರುವುದು ಕಷ್ಟ, ಇನ್ನೊಂದು ಕೆಲಸದ ಜೊತೆ ಇಟ್ಟುಕೊಳ್ಳಿ.

ಹಣದ ಮಾತನ್ನು ನಾಚಿಕೆ ಬಿಟ್ಟು ಕೇಳಬೇಕು. ಖಾಸಗಿ ಶಾಲೆಯಲ್ಲಿ ಸಂಬಳ ಹತ್ತು ತಿಂಗಳಿಗೋ ಹನ್ನೆರಡಕ್ಕೋ? ಏಪ್ರಿಲ್, ಮೇ ತಿಂಗಳು ಖಾಲಿ ಕೈಯಾದರೆ ಬಾಡಿಗೆ ಹೇಗೆ? ಪಿಎಫ್ ಇದೆಯೇ? ಒಂದು ಕೋಣೆಯಲ್ಲಿ ಎಷ್ಟು ಮಕ್ಕಳು, ಸಹಾಯಕಿ ಇದ್ದಾಳೆಯೇ? ಪ್ರಾಥಮಿಕದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರೆಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಐವತ್ತು ಇದ್ದರೆ ನಿಮ್ಮ ತಾಳ್ಮೆ ಎಷ್ಟು ತಿಂಗಳು ಉಳಿದೀತೆಂದು ಲೆಕ್ಕ ಹಾಕಿ. ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತೇವೆ ಎಂದರೆ ದೃಢೀಕರಿಸಿದ ಪ್ರತಿ ಕೊಟ್ಟು ಬನ್ನಿ. ಮೂಲ ಪ್ರತಿ ಕೊಟ್ಟವರು ಬೇರೆ ಕೆಲಸ ಸಿಕ್ಕಾಗ ಬಿಡಿಸಿಕೊಳ್ಳಲಾರದೆ ಒದ್ದಾಡುತ್ತಾರೆ. ಸರ್ಕಾರಿ ಶಾಲೆಯ ಅತಿಥಿ ಶಿಕ್ಷಕರ ಕೆಲಸ ಆಯಾ ಶೈಕ್ಷಣಿಕ ವರ್ಷಕ್ಕೆ ಮಾತ್ರ. ಕಾಯಂ ಆಗುತ್ತದೆಂದು ಯಾರು ಹೇಳಿದರೂ ಅದನ್ನು ನಂಬಿ ಟಿಇಟಿ ಓದು ನಿಲ್ಲಿಸಬೇಡಿ.

ಮೊದಲು ಹೇಳಿದ ಹತ್ತು ದಿನದ ಕೆಲಸಕ್ಕೆ ಪತ್ರ ಕೊಡಲು ಜೂನ್ ಮೊದಲ ವಾರ ಬೇಡ, ಶಾಲೆ ಆಗಷ್ಟೇ ತೆರೆದು ದಾಖಲಾತಿಯ ಗದ್ದಲದಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಮೂರನೇ ವಾರ ಹೋಗಿ. ಅಷ್ಟರಲ್ಲಿ ಹೊಸ ಮಕ್ಕಳ ಅಳು ಅರ್ಧ ನಿಂತಿರುತ್ತದೆ, ಉಳಿದರ್ಧ ನಿಮಗೆ ಕಾದಿರುತ್ತದೆ.